ಸಿರಿಲ್ ನೆಲದ ಮೇಲಿಂದ ವರದಿ ಒಪ್ಪಿಸಿದ ಸಂಜೆ

ಕುರಿಮರಿ ಚರ್ಮದ ಏಪ್ರನ್ನಿಗೆ ಎಪ್ಪತ್ತು ಪೌಂಡ್. ಬಿಳಿ ಕೈಗವಸು ಆರು ಪೌಂಡ್. ಒಗೆದರೆ ಕುಗ್ಗುತ್ತದೆ, ಹಾಗಾಗಿ ಎರಡು ಜೊತೆ ಬೇಕು. ಕಪ್ಪು ಸೂಟಿಗೆ ಬೇರೆ ಖರ್ಚಿಲ್ಲ, ನಮ್ಮ ವಯಸ್ಸಿನವರಿಗೆ ಅದು ಶವಸಂಸ್ಕಾರಗಳಿಗೆ ಹೇಗೂ ಬೇಕಾಗುತ್ತದೆ. ವರ್ಷದ ಚಂದಾ ನೂರ ತೊಂಬತ್ತು. ಸಭೆ ಮುಗಿದ ಮೇಲಿನ ಊಟಕ್ಕೆ ಇಪ್ಪತ್ತೆರಡು, ವೈನಿನ ಲೆಕ್ಕ ಬೇರೆ. ಇಷ್ಟನ್ನೂ ತೆತ್ತರೆ ಕಾರ್ಲ್‌ಬೆಕ್ ಊರಿನ ಮೇಸನ್ ಲಾಡ್ಜಿನಲ್ಲಿ, ಅಂದರೆ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ನಮ್ಮೂರ ಶಾಖೆಯಲ್ಲಿ, ತಿಂಗಳಿಗೊಂದು ಸಂಜೆ, ಇನ್ನೂರು ವರ್ಷ ಹಳೆಯ ಮಾತುಗಳನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸುವ ಭಾಗ್ಯ ಸಿಗುತ್ತದೆ. ನನ್ನದು ಮಾತ್ರ ಉಲ್ಟಾ ವ್ಯವಹಾರ. ನನಗೇ ಅವರು ಸಭೆಗೆ ಇಪ್ಪತ್ತು ಪೌಂಡ್ ಕೊಟ್ಟು ಊಟವನ್ನೂ ಹಾಕುತ್ತಾರೆ. ನಾನು ಹೊರಬಾಗಿಲ ಕಾವಲುಗಾರ.

ಒಳಗೆ ಸಭೆ ನಡೆಯುವಾಗ ಬಾಗಿಲಾಚೆ ಕುರ್ಚಿ ಹಾಕಿಕೊಂಡು, ಬಿಚ್ಚುಗತ್ತಿ ಹಿಡಿದು, ಮೇಸನ್ನರಲ್ಲದವರು ಒಳಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗೆಂದು ಪ್ರಮಾಣ ಮಾಡಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ತಡೆದದ್ದು ನೃತ್ಯದ ತರಗತಿ ಹುಡುಕಿಕೊಂಡು ಬಂದ ಇಬ್ಬರು ಹೆಂಗಸರನ್ನು, ಮತ್ತು ಒಂದು ಬೆಕ್ಕನ್ನು.

ನವೆಂಬರಿನ ಆ ಸಂಜೆ ಆರೂವರೆಗೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಒಳಬಾಗಿಲು ಕಾಯುವ ಗ್ರಹಾಮನ ಮುಖ ಅವನ ಕೈಗವಸಿಗಿಂತ ಬೆಳ್ಳಗಿತ್ತು.

"ಆರ್ನಲ್ಡ್, ಆಂಬುಲೆನ್ಸ್‌ಗೆ ಫೋನ್ ಮಾಡು. ಸಿರಿಲ್ ಬಿದ್ಬಿಟ್ಟ. ಎದೆ ಹಿಡ್ಕೊಂಡಿದಾನೆ."

"ನೀನು ಡಾಕ್ಟರಲ್ವೇನೋ? ನೋಡೋ ಅವನ್ನ!"

"ಹಲ್ಲಿನ ಡಾಕ್ಟರ್ ಕಣಯ್ಯಾ ನಾನು!"

ಬಾಗಿಲು ಮುಚ್ಚಿತು. ಮುಚ್ಚಿದ ಮೇಲೆ ಒಳಗಿನಿಂದ ಪದ್ಧತಿಯಂತೆ ಮೂರು ಬಡಿತ. ನಾನೂ ಪದ್ಧತಿಯಂತೆ ಹೊರಗಿನಿಂದ ಮೂರು ಬಡಿದು, ಆಮೇಲೆ ಫೋನ್ ತೆಗೆದೆ. ನಾನೂ ಅವರಂಥವನೇ ಎಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ.

ಸಿರಿಲ್‌ಗೆ ಎಪ್ಪತ್ತಾರು. ನಲವತ್ತು ವರ್ಷ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವನು. ನಮ್ಮೂರಿನಲ್ಲಿ ಅವನು ಮಾರಿದ ತಿರುಗಣಿಯಿಲ್ಲದ ಬಾಗಿಲು ಸಿಗುವುದು ಕಷ್ಟ. ಲಾಡ್ಜಿನಲ್ಲಿ ಆ ವರ್ಷ ಅವನು ಜೂನಿಯರ್ ವಾರ್ಡನ್, ಅಂದರೆ ಮೂರನೆಯ ದೊಡ್ಡ ಪದವಿ. ಬಾಯಿಪಾಠದಲ್ಲಿ ಒಮ್ಮೆಯೂ ಎಡವಿದವನಲ್ಲ.

ಒಂಬತ್ತು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಹಸಿರು ಸಮವಸ್ತ್ರದ ಗಟ್ಟಿಮುಟ್ಟು ಹೆಂಗಸೊಬ್ಬಳು ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಶೆರಿಲ್ ಎಂದಿತ್ತು.

"ಪೇಷಂಟ್ ಎಲ್ಲಿ ತಾತ? ಅದ್ಯಾಕೆ ಕತ್ತಿ?"

"ನನ್ನ ಕೆಲಸಮ್ಮ ಇದು."

"ಸರಿ, ನನ್ನ ಕೆಲಸ ಒಳಗಿದೆ. ದಾರಿ ಬಿಡು."

ಬಾಗಿಲು ಬಡಿದೆ. ಗ್ರಹಾಂ ಇಣುಕಿದ. "ಯಾರು ಬಂದಿರೋದು?"

"ನೀನೇ ಕರೆಸಿದ್ದಲ್ಲೋ ಮಾರಾಯ! ಆಂಬುಲೆನ್ಸಿನವರು."

"ತಡಿ, ವರದಿ ಮಾಡ್ತೀನಿ."

ಮತ್ತೆ ಮುಚ್ಚಿದ. ನಮ್ಮಲ್ಲಿ ಬಾಗಿಲಿಗೆ ಯಾರೇ ಬರಲಿ, ಒಳಕಾವಲಿನವನು ಅದನ್ನು ಜೂನಿಯರ್ ವಾರ್ಡನ್ನನಿಗೆ ತಿಳಿಸಬೇಕು. ಅವನು ಎದ್ದು ಮಾಸ್ಟರಿಗೆ ತಿಳಿಸಬೇಕು. ಮಾಸ್ಟರ್ ಕೊಟ್ಟ ಅಪ್ಪಣೆ ಅದೇ ದಾರಿಯಲ್ಲಿ ವಾಪಸು ಬಾಗಿಲಿಗೆ ಬರಬೇಕು. ಆ ಹೊತ್ತಿನಲ್ಲಿ ಜೂನಿಯರ್ ವಾರ್ಡನ್ ನೆಲದ ಮೇಲಿದ್ದ.

"ಬ್ರದರ್ ಜೂನಿಯರ್ ವಾರ್ಡನ್, ಬಾಗಿಲಲ್ಲಿ ವರದಿ ಇದೆ," ಎಂದು ಗ್ರಹಾಂ ಹೇಳಿದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು.

ತೀರ ಕೆಳಗಿನಿಂದ ಸಿರಿಲನ ದನಿ ಬಂತು. "ಪೂಜ್ಯ ಮಾಸ್ಟರ್... ಬಾಗಿಲಲ್ಲಿ... ಆಂಬುಲೆನ್ಸ್ ಬಂದಿದೆ."

ನಮ್ಮ ಮಾಸ್ಟರ್ ರೆಜಿನಾಲ್ಡ್‌ಗೆ ಕಂಬಳಿ ಅಂಗಡಿಯೂ ಇದೆ, ಮಂದಗಿವಿಯೂ ಇದೆ. "ಯಾರಿಗಂತೆ?" ಎಂದ.

"ನನಗೆ, ಪೂಜ್ಯ ಮಾಸ್ಟರ್."

ಶೆರಿಲ್ ನನ್ನ ಮುಖ ನೋಡಿದಳು. "ಪೇಷಂಟ್ ಹತ್ರಾನೇ ಪರ್ಮಿಷನ್ ಕೇಳ್ತಿದಾರಾ ಇವ್ರು?"

"ಹೂಂ. ಸಾಲಿನಲ್ಲಿ ಮೊದಲು ಅವನೇ ಬರೋದು."

ಆಗ ಹೋರಸ್ ಬ್ರಿಯರ್ಲಿಯ ಗಂಟಲು ಕೇಳಿಸಿತು. ಹೋರಸ್ ನನ್ನ ಹಳೆಯ ಗೆಳೆಯ, ನಿವೃತ್ತ ಹೆಡ್‌ಮಾಸ್ಟರ್, ನಮ್ಮ ವಿಧಿವಿಧಾನಗಳ ಉಸ್ತುವಾರಿ. ಪುಸ್ತಕವಿಡೀ ಅವನ ತಲೆಯಲ್ಲಿದೆ. ಹೊರಗಿನವರು ಕಾಲಿಡುವ ಮೊದಲು ಲಾಡ್ಜನ್ನು ಕೆಲಸದಿಂದ ವಿಶ್ರಾಂತಿಗೆ ಕರೆಯಲೇಬೇಕು, ಅಂದರೆ ತೆರೆದ ಸಭೆಗೆ ವಿಧಿಪೂರ್ವಕ ಬಿಡುವು ಕೊಡಬೇಕು, ಹಾಗೆ ಕರೆಯುವ ಮಾತುಗಳು ಜೂನಿಯರ್ ವಾರ್ಡನ್ನನವು ಎಂದ. ಬೇರೊಬ್ಬರು ಹೇಳಬಹುದಲ್ಲ ಎಂದು ಯಾರೋ ಕೇಳಿದರು. ಹೇಳಬಹುದು, ಹಿರಿಯ ಮಾಜಿ ಮಾಸ್ಟರೊಬ್ಬರು ಅವನ ಪದವಿಯ ಕೊರಳಪಟ್ಟಿ ಧರಿಸಿ ಹೇಳಬಹುದು ಎಂದ ಹೋರಸ್. ಹಿರಿಯ ಯಾರು ಎಂಬಲ್ಲಿಗೆ ಮಾತು ಹೋಯಿತು. ಇಬ್ಬರು ಒಂದೇ ವರ್ಷ ಸೇರಿದವರು. ಒಬ್ಬ ಫೆಬ್ರವರಿ, ಒಬ್ಬ ಮಾರ್ಚ್.

"ಬಿಡ್ರೋ, ನಾನೇ ಹೇಳ್ತೀನಿ," ಎಂದ ಸಿರಿಲ್.

ಶುರು ಮಾಡಿದ. ಎರಡು ಸಾಲು ಸರಿಯಾಗಿ ಹೋಯಿತು. ಮೂರನೆಯದರಲ್ಲಿ ಉಸಿರು ಸಿಕ್ಕಿಕೊಂಡು ಒಂದು ಪದ ಬಿಟ್ಟುಹೋಯಿತು. ಕೂಡಲೇ ಐದಾರು ಮಂದಿ ಒಟ್ಟಿಗೆ ಆ ಪದ ಕೂಗಿ ಹೇಳಿದರು, ಒಬ್ಬೊಬ್ಬರು ಒಂದೊಂದು ಪದ.

"ಅದು ಹಳೇ ಪಾಠ ಕಣೋ, ಬದಲಾಯಿಸಿ ಮೂವತ್ತು ವರ್ಷ ಆಯ್ತು!"

"ನಮ್ಮ ಲಾಡ್ಜ್‌ನಲ್ಲಿ ಯಾರು ಬದಲಾಯಿಸಿದ್ರು?"

"ತಪ್ಪಾಯ್ತು," ಎಂದ ಸಿರಿಲ್. "ಮೊದಲಿಂದ... ಶುರು ಮಾಡ್ತೀನಿ."

ಅವರನ್ನು ಕಲ್ಲೆದೆಯವರು ಎಂದುಕೊಳ್ಳಬೇಡಿ. ಅವರಲ್ಲಿ ಒಬ್ಬೊಬ್ಬನೂ ಸಿರಿಲನಿಗೆ ರಕ್ತ ಕೊಡಲು ತೋಳು ಚಾಚುವವನೇ. ಆದರೆ ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ಬಸ್ಸಿನ ಬ್ರೇಕ್ ಹೋದಾಗ ಹಾರ್ನ್ ಒತ್ತುತ್ತಾ ಕೂತ ಡ್ರೈವರುಗಳನ್ನು ನಾನು ಕಂಡಿದ್ದೇನೆ. ಅವರಿಗೆ ಗೊತ್ತಿದ್ದದ್ದು ಬಾಯಿಪಾಠ. ಸಿರಿಲನಿಗೂ ಅದೇ. ಅವನು ಮೊದಲಿನಿಂದ ಶುರು ಮಾಡಿದರೆ ಕೊನೆ ಮುಟ್ಟುವುದಿಲ್ಲ ಎಂದು ನನಗೆ ಅನ್ನಿಸಿತು.

ಕತ್ತಿಯನ್ನು ಪಕ್ಕದ ಸ್ಟ್ಯಾಂಡಿನ ಕೊಡೆಗಳ ನಡುವೆ ಸಿಕ್ಕಿಸಿ ಬಾಗಿಲ ಹಿಡಿಕೆ ತಿರುಗಿಸಿದೆ. ಆ ಬಾಗಿಲಿಗೆ ಚಿಲಕವೇ ಇಲ್ಲವೆಂಬುದು ನನಗೆ ಅಂದು ತಿಳಿಯಿತು.

"ಮೇಡಂ, ನಿಲ್ಲಿ!" ಹೋರಸ್ ಕೈ ಅಡ್ಡ ಚಾಚಿದ. "ಲಾಡ್ಜ್ ಇನ್ನೂ ತೆರೆದಿದೆ!"

"ಒಳ್ಳೇದಾಯ್ತು, ಮುಚ್ಚಿದ್ರೆ ಒದ್ದು ಬರಬೇಕಾಗ್ತಿತ್ತು," ಎಂದು ಶೆರಿಲ್ ಅವನ ತೋಳಿನಡಿ ನುಗ್ಗಿದಳು. ನಾವು ಮೂಲೆಗೆ ಮೂಲೆ ಲೆಕ್ಕ ಹಾಕಿ ಸುತ್ತಿ ಬರುವ ಕಪ್ಪು ಬಿಳುಪು ಚೌಕದ ಹಾಸನ್ನು ಅವಳು ಬೂಟುಗಾಲಲ್ಲಿ ಅಡ್ಡಡ್ಡ ದಾಟಿದಳು. ಹದಿಮೂರು ಗಂಡಸರು ಒಟ್ಟಿಗೆ ಉಸಿರೆಳೆದುಕೊಂಡರು.

ಅವಳು ಕತ್ತರಿ ತೆಗೆದಾಗ ಸಿರಿಲ್ ಏಪ್ರನ್ ಹಿಡಿದುಕೊಂಡ. "ಲಾಡಿ ಕತ್ತರಿಸ್ಬೇಡಮ್ಮ, ಗಂಟು ಬಿಚ್ಚಬಹುದು."

"ಸುಮ್ನೆ ಮಲ್ಕೋ ನನ್ನಪ್ಪ," ಎಂದವಳು ಲಾಡಿ, ಶರಟು, ಬನಿಯನ್ ಮೂರನ್ನೂ ಒಂದೇ ಏಟಿಗೆ ಕತ್ತರಿಸಿದಳು. ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ ಗ್ರಹಾಮನ ಕೈಗೆ ಆಮ್ಲಜನಕದ ಬಾಟಲಿ ಕೊಟ್ಟಳು. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು. ಸ್ಟ್ರೆಚರ್ ಬಂದಾಗ ಮೆಟ್ಟಿಲಿಳಿಸಲು ಆರು ಜನ ಹೆಗಲು ಕೊಟ್ಟರು. ಯಾರು ಹಿರಿಯ ಎಂದು ಯಾರೂ ಕೇಳಲಿಲ್ಲ.

ಆಂಬುಲೆನ್ಸ್ ಹೊರಟ ಮೇಲೆ ಅಡುಗೆಯ ಮೋರೀನ್ ಬಂದು, ಹುರಿದ ಗೋಮಾಂಸ ಒಣಗುತ್ತಿದೆ, ಏನು ಮಾಡಲಿ ಎಂದಳು. ವಿಧಿಯಂತೆ ಲಾಡ್ಜ್ ಮುಚ್ಚಿಲ್ಲ, ವಿಶ್ರಾಂತಿಗೂ ಕರೆದಿಲ್ಲ, ಊಟಕ್ಕೆ ಕೂರುವಂತಿಲ್ಲ ಎಂದ ಹೋರಸ್. ಅವನೊಬ್ಬ ಕೂರಲಿಲ್ಲ. ಉಳಿದವರು ತಲೆ ತಗ್ಗಿಸಿಕೊಂಡು ಉಂಡೆವು.

ಡಿಸೆಂಬರಿನ ಸಭೆಗೆ ನನ್ನನ್ನೂ ಒಳಗೆ ಕರೆದರು. ಹೋರಸ್ ಎದ್ದು ಎರಡು ವಿಷಯ ಇಟ್ಟ. ಒಂದು, ಆರ್ನಲ್ಡ್ ಪ್ರಮಾಣ ಮುರಿದಿದ್ದಾನೆ. ಎರಡು, ನವೆಂಬರಿನ ಸಭೆ ಮುಚ್ಚಿಯೇ ಇಲ್ಲವಾದ್ದರಿಂದ ಡಿಸೆಂಬರಿನದನ್ನು ತೆರೆಯಲಾಗದು.

"ಹಾಗಾದ್ರೆ ಈಗ ನಾವು ಎಲ್ಲಿದೀವಿ ಹೋರಸ್?" ರೆಜಿನಾಲ್ಡ್ ಕೇಳಿದ.

"ನವೆಂಬರಿನಲ್ಲಿ."

"ಹಾಗಿದ್ರೆ ಸಿರಿಲ್ ಇನ್ನೂ ನೆಲದ ಮೇಲಿದಾನಾ?"

ಒಬ್ಬಿಬ್ಬರು ನಕ್ಕರು. ನಗಬಾರದಿತ್ತು. ಹೋರಸ್ ನನ್ನ ಕಡೆ ತಿರುಗಿ, "ಬಾಗಿಲು ತೆಗೆದದ್ದು ತಪ್ಪು ಅಂತ ಒಂದು ಮಾತು ಹೇಳಪ್ಪ, ಸಾಕು," ಎಂದ. ಆ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಕೈ ಎತ್ತಿಸಿದರು. ನನ್ನ ಪರ ಹನ್ನೊಂದು, ವಿರುದ್ಧ ಒಂದು. ಹೋರಸ್ ಏಪ್ರನ್ ಬಿಚ್ಚಿ, ಗೆರೆ ಕೆಡದಂತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಮಾಸ್ಟರಿಗೆ ವಂದಿಸಿ ನಡೆದುಬಿಟ್ಟ. ಈಗ ಅವನು ಹನ್ನೆರಡು ಮೈಲಿ ದೂರದ ಇನ್ನೊಂದು ಲಾಡ್ಜಿಗೆ ಹೋಗುತ್ತಾನೆ. ನಮ್ಮಲ್ಲಿ ಉದ್ದನೆಯ ಪಾಠಗಳನ್ನು ಪುಸ್ತಕ ನೋಡಿ, ತಡವರಿಸಿ ಓದುತ್ತೇವೆ. ಅವನಂತೆ ಹೇಳುವವರು ಇನ್ನು ಹುಟ್ಟಿ ಬರಬೇಕು.

ಸಿರಿಲನ ರಕ್ತನಾಳದಲ್ಲಿ ಎರಡು ಕೊಳವೆ ಕೂರಿಸಿದ್ದಾರೆ. ಲಾಡ್ಜಿಗೆ ಬರಲು ಹೆಂಡತಿ ಎಡ್ನಾ ಬಿಡುವುದಿಲ್ಲ. ಗುರುವಾರಗಳಂದು ನಾನೇ ಅವನ ಮನೆಗೆ ಹೋಗುತ್ತೇನೆ. ಹೋರಸನಿಗೆ ಕ್ರಿಸ್ಮಸ್ ಕಾರ್ಡ್ ಕಳಿಸಿದೆ, ಉತ್ತರ ಬರಲಿಲ್ಲ. ಸಿರಿಲ್ ಉಳಿದ. ಹೋರಸನ ಮತ್ತು ನನ್ನ ಮೂವತ್ತು ವರ್ಷದ ಸ್ನೇಹ ಹೋಯಿತು.