ಬಾರದ ನೆರೆ

ಪಠ್ಯಪುಸ್ತಕ ಮಂಡಳಿಗೆ ಒಂದು ದಿನ ಜ್ಞಾನೋದಯವಾಯಿತು: ಅಣೆಕಟ್ಟೆಯ ಬಾಗಿಲನ್ನು ಹೇಳದೆ ಕೇಳದೆ ತೆರೆದು ಕೆಳಗೇರಿಯನ್ನು ಮುಳುಗಿಸಿದ್ದು ನಡೆದೇ ಇಲ್ಲ. ಸಮಾಜ ಪುಸ್ತಕದಲ್ಲಿದ್ದ ಆ ಪಾಠ ಹೊಸ ಮುದ್ರಣದಲ್ಲಿ ಮಾಯವಾಯಿತು. ಮುಳುಗಿದವರೇನೂ ಮಂಡಳಿಯ ಅಪ್ಪಣೆ ಪಡೆದು ಸತ್ತಿರಲಿಲ್ಲ. ಅವರ ಮೊಮ್ಮಕ್ಕಳು ಇನ್ನೂ ಅದೇ ಕೇರಿಯಿಂದ ಶಾಲೆಗೆ ಬರುತ್ತಿದ್ದರು.

ಪುಸ್ತಕದಿಂದ ಹೋದದ್ದು ತಲೆಯಿಂದಲೂ ಹೋಗಿದೆಯೇ ಎಂದು ನೋಡಲು ಇಲಾಖೆಯ ಅಧಿಕಾರಿ ಶಾಲೆಯಿಂದ ಶಾಲೆಗೆ ಸುತ್ತುತ್ತಿದ್ದರು. ಪಕ್ಕದ ಶಾಲೆಯ ಮಾಸ್ತರನ್ನು ತರಬೇತಿಗೆಂದು ಕರೆದೊಯ್ದು ಒಂದು ಮಳೆಗಾಲವೇ ಕಳೆದಿತ್ತು. ಅವರ ಹೆಂಡತಿ ಇಲಾಖೆಯ ಮೆಟ್ಟಿಲು ಸವೆಸುತ್ತಿದ್ದಳು.

ಮುಂದಿನ ಸರದಿ ತನ್ನದೇ ಎಂದು ಐದನೇ ತರಗತಿಯ ಟೀಚರಿಗೆ ಗೊತ್ತಿತ್ತು. ಆ ಪಾಠವನ್ನು ಕಣ್ಣಿಗೆ ಕಟ್ಟುವಂತೆ ಕಲಿಸಿದವಳು ಅವಳೇ.

"ಏನಮ್ಮಾ, ಕಲಿಸೋವಾಗ ಇದ್ದ ಹುರುಪು ಮರೆಸೋವಾಗ್ಲೂ ಇರ್ಲಿ," ಎಂದರು ಹೆಡ್‌ಮಾಸ್ತರು. "ನಿವೃತ್ತಿ ಹತ್ರ ಬಂತು. ನನ್ನ ಕುತ್ತಿಗೆಗೆ ತಂದಿಡಬೇಡ."

"ಮರೆಸೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ ಸಾರ್."

"ಮಗ್ಗಿ ಹೇಗೆ ಕಲಿಸ್ತೀಯ? ಹಾಗೇ."

ಅವಳಿಗೆ ಗೊತ್ತಿದ್ದ ದಾರಿಯೂ ಅದೊಂದೇ. ಬಾಗಿಲು ಮುಚ್ಚಿ ಉರು ಹೊಡೆಸಿದಳು. ಹೊಳೆಯ ಮಾತು ಬಂತೋ, ಮಕ್ಕಳು ಒಕ್ಕೊರಲಿನಿಂದ ಅಂಥದ್ದೇನೂ ನಡೆದಿಲ್ಲ ಎನ್ನಬೇಕು.

ಅಧಿಕಾರಿ ಬಂದರು. ಸಣ್ಣ ಆಳು, ಮೆತ್ತನೆಯ ದನಿ. ಕುರ್ಚಿ ಬೇಡವೆಂದು ಮಕ್ಕಳ ಬೆಂಚಿನ ತುದಿಯಲ್ಲೇ ಕೂತರು. ಗದರುವವರಾಗಿದ್ದರೆ ಟೀಚರಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಮಕ್ಕಳೇ, ನಿಮ್ಮ ಹೊಳೇಲಿ ನೀರು..."

"ಅಂಥದ್ದೇನೂ ನಡೆದಿಲ್ಲ ಸಾರ್," ಎಂದಿತು ಇಡೀ ತರಗತಿ, ಗೋಡೆ ಅದುರುವಂತೆ.

ಅಧಿಕಾರಿ ನಕ್ಕರು. "ತಿಳಿಯಾಗಿದೆಯಾ ಅಂತ ಕೇಳೋಕೆ ಹೊರಟಿದ್ದೆ. ಇರಲಿ. ಏನು ನಡೆದಿಲ್ಲ? ಯಾರಾದ್ರೂ ಹೇಳಿ."

ಈ ಪ್ರಶ್ನೆಗೆ ಟೀಚರು ಉತ್ತರ ಉರು ಹೊಡೆಸಿರಲಿಲ್ಲ. ಕೊನೆಗೆ ಕೆಳಗೇರಿಯ ಮೆಣಸಿ ಎದ್ದಳು. ಚುರುಕು ಬಾಯಿಗೆ ಶಾಲೆಯೇ ಇಟ್ಟ ಹೆಸರದು. ಟೀಚರ ಮಾನ ಉಳಿಸಬೇಕೆಂಬ ಆಸೆಯೊಂದೇ ಅವಳ ಮುಖದಲ್ಲಿತ್ತು.

"ಅಣೆಕಟ್ಟೆ ಬಾಗಿಲು ತೆಗೀಲಿಲ್ಲ ಸಾರ್. ಯಾರಿಗೂ ಹೇಳದೆ ತೆಗೀಲಿಲ್ಲ. ನೀರು ನಮ್ಮ ಕೇರಿಗೆ ನುಗ್ಗಲಿಲ್ಲ. ನಮ್ಮಜ್ಜಿ ಸೂರಿನ ಮೇಲೆ ಹತ್ತಲಿಲ್ಲ. ಅಪ್ಪ ಆಗ ಚಿಕ್ಕೋನು, ಅಜ್ಜಿ ಕೈ ಹಿಡ್ಕೊಂಡಿರ್ಲಿಲ್ಲ. ಕೈ ಜಾರ್ಲಿಲ್ಲ. ಅಪ್ಪ ಇದನ್ನ ನನಗೆ ಯಾವತ್ತೂ ಹೇಳಿಲ್ಲ ಸಾರ್."

ಅಧಿಕಾರಿ ಅವಳ ತಲೆ ನೇವರಿಸಿದರು. "ಜಾಣೆ. ನಿಮ್ಮಪ್ಪ ಎಲ್ಲಿ ಕೆಲಸ ಮಾಡ್ತಾರೆ ಪುಟ್ಟಾ?"

ಮೆಣಸಿ ಬಾಯಿ ತೆರೆಯುವ ಮೊದಲೇ ಟೀಚರು ಹೆಜ್ಜೆ ಮುಂದಿಟ್ಟಿದ್ದಳು.

"ಅವರಪ್ಪನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಸಾರ್. ಅಜ್ಜಿ, ಸೂರು, ಎಲ್ಲ ನಾನೇ ಕಟ್ಟಿ ಹೇಳಿಕೊಟ್ಟಿದ್ದು."

"ಎಲ್ಲಾನೂ?"

"ಎಲ್ಲಾನೂ."

"ಇಲ್ಲ ಟೀಚರ್, ಅದು ಅಪ್ಪ..."

"ಕೂತ್ಕೋ. ಅಧಿಕಪ್ರಸಂಗಿ." ಎಂದೂ ಗದರದ ದನಿಯಲ್ಲಿ ಗದರಿದಳು. ಹುಡುಗಿ ಧೊಪ್ಪನೆ ಕೂತಳು, ಕೆಳತುಟಿ ಅದುರಿತು. ಟೀಚರು ಆ ಕಡೆ ನೋಡಲಿಲ್ಲ.

ಅಧಿಕಾರಿ ಎದ್ದು ಬಾಗಿಲನ್ನು ತಾವೇ ತೆರೆದು ಹಿಡಿದರು. "ಬನ್ನಿ, ಜೀಪಲ್ಲಿ ಜಾಗ ಇದೆ."

ಅವರು ನಂಬಿದರೋ ಇಲ್ಲವೋ ಆ ಮುಖದಿಂದ ತಿಳಿಯುವಂತಿರಲಿಲ್ಲ. ಅವನನ್ನೂ ಹುಡುಕಿಕೊಂಡು ಬರುವ ಮೊದಲು, ಸಂಜೆಯೊಳಗೆ ಮೆಣಸಿಯ ಅಪ್ಪ ಊರು ಬಿಡಬೇಕು. ಆ ಮಾತನ್ನು ಯಾರಾದರೂ ಮುಟ್ಟಿಸಬೇಕು. ಟೀಚರು ಹೊರಗೆ ಬಂದು, ಪಡಸಾಲೆಯಲ್ಲಿ ನಿಂತಿದ್ದ ಹೆಡ್‌ಮಾಸ್ತರ ಕಣ್ಣು ಹುಡುಕಿದಳು.

ಅವರು ಗೋಡೆ ನೋಡುತ್ತಿದ್ದರು.