ಗಾಜಿನವಳು

"ಆ ಯೂನಿಫಾರ್ಮ್ ತೆಗಿ ಅತ್ಲಾಗೆ," ಎಂದು ಹೆಂಡತಿ ನಾದಿನಿಯ ಕೈಯಿಂದ ನೀಲಿ ಕೋಟು ಕಿತ್ತುಕೊಂಡಳು.

"ಅಣ್ಣನಿಗೆ ಅದೇ ಇಷ್ಟ ಅಲ್ವಾ ಅತ್ತಿಗೆ? ಮೂವತ್ತೊಂದು ವರ್ಷ ಮೈಮೇಲಿತ್ತು."

"ಅದಕ್ಕೇ ಬೇಡ. ಇವತ್ತೂ ಅವಳ ಹತ್ರಾನೇ ಹೊರಟಂಗೆ ಕಾಣೋದು ಬೇಡ. ಆ ಬಿಳಿ ಶರ್ಟ್ ಕೊಡು, ನಾನು ತಂದಿದ್ದು."

ನಾದಿನಿಗೆ ಅಳುವಿನ ನಡುವೆಯೂ ನಗು ಬಂತು. ಮಂಚದ ಮೇಲೆ ತಣ್ಣಗೆ ಮಲಗಿದ್ದ ಆಕೆಯ ಅಣ್ಣ ಮ್ಯೂಸಿಯಂನ ಕಾವಲುಗಾರನಾಗಿದ್ದ. ಒಂದೇ ಕೋಣೆ, ಅದರಲ್ಲೊಂದು ಗಾಜಿನ ಪೆಟ್ಟಿಗೆ, ಒಳಗೆ ಮೂರು ಸಾವಿರ ವರ್ಷ ಹಿಂದಿನ ಹೆಂಗಸೊಬ್ಬಳ ಅಸ್ಥಿಪಂಜರ. ಅದಕ್ಕೆ 'ಗಾಜಿನವಳು' ಎಂದು ಹೆಸರಿಟ್ಟವಳು ಹೆಂಡತಿಯೇ. ಗಂಡ ತಡವಾಗಿ ಬಂದರೆ "ಯಾಕೆ, ಗಾಜಿನವಳು ಬಿಡ್ಲಿಲ್ವಾ?" ಎನ್ನುತ್ತಿದ್ದಳು. ಮೊದಮೊದಲು ಅದು ತಮಾಷೆಯಾಗಿತ್ತು.

*

ಮದುವೆಯಾದ ಮೂರನೇ ವರ್ಷ ಆಕೆ ಹೇಳದೆ ಕೇಳದೆ ಮ್ಯೂಸಿಯಂಗೆ ಹೋಗಿ ಬಾಗಿಲಲ್ಲೇ ನಿಂತಿದ್ದಳು. ನಾಲ್ಕಾರು ಕಾಲೇಜು ಹುಡುಗರು ಗಾಜು ತಟ್ಟಿ ನಗುತ್ತಿದ್ದರು.

"ಸ್ವಲ್ಪ ಮೆತ್ತಗಪ್ಪಾ, ಮಲಗಿದ್ದಾಳೆ," ಎಂದ ಗಂಡ.

ಅವರು ಹೋದ ಮೇಲೆ ಬೆರಳಿನ ಗುರುತುಗಳನ್ನು ಒರೆಸಿ, ಬಗ್ಗಿ, ಗಾಜಿಗೆ ಏನೋ ಹೇಳಿದ. ಮಾತು ಕೇಳಿಸಲಿಲ್ಲ, ದನಿ ಕೇಳಿಸಿತು. ಆ ದನಿ ಮನೆಯಲ್ಲಿ ಒಂದು ದಿನವೂ ಹೊರಟಿರಲಿಲ್ಲ. ಹೆಂಡತಿ ಜ್ವರದಲ್ಲಿ ಮಲಗಿದ್ದರೂ ಪಾತ್ರೆ ಎತ್ತಿಹಾಕುತ್ತ ಓಡಾಡುವ ಮನುಷ್ಯ ಆತ. ಆಕೆ ಒಳಗೆ ಕಾಲಿಡದೆ ತಿರುಗಿ ಬಂದಳು. ಮೂಳೆಗಳ ಮೇಲೆ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

*

ಗುಂಡಿ ಮುಚ್ಚಿ ಜನ ಚದುರುವ ಹೊತ್ತಿಗೆ ಮ್ಯೂಸಿಯಂನ ಮುಖ್ಯಸ್ಥೆ ಒಂದು ಕಾಗದ ಹಿಡಿದು ಬಂದಳು.

"ಇವತ್ತು ಕೇಳಬಾರದಮ್ಮಾ. ಆದ್ರೆ ನಾಳೆ ಸಮಿತಿ ಸಭೆ ಇದೆ, ಇದಕ್ಕೆ ನಿಮ್ಮ ಸಹಿ ಬೇಕು."

ಹತ್ತೊಂಬತ್ತು ವರ್ಷಗಳಿಂದ ಆತ ಅರ್ಜಿ ಬರೆಯುತ್ತಲೇ ಇದ್ದನಂತೆ. 'ಇವಳನ್ನು ಇವಳ ಜನ ಮಲಗಿಸಿದ್ದು ಮಣ್ಣಿನಲ್ಲಿ, ಯಾರಾದರೂ ನೋಡಲಿ ಅಂತಲ್ಲ. ಮತ್ತೆ ಮಣ್ಣಿಗೇ ಕೊಡಿ.' ಅವಳು ಸಿಕ್ಕಿದ ಜಾಗದಲ್ಲಿ ಈಗ ಅಣೆಕಟ್ಟಿನ ನೀರು ನಿಂತಿತ್ತು. ಹಾಗಾದರೆ ಎಲ್ಲಿ ಹೂಳುವುದು ಎಂದು ಸಮಿತಿ ಕೇಳಿತ್ತು. ಕೊನೆಯ ಅರ್ಜಿಯಲ್ಲಿ ಅದಕ್ಕೂ ಉತ್ತರವಿತ್ತು: 'ನನ್ನ ಪಕ್ಕ ಜಾಗವಿದೆ.'

"ಅದು ಅತ್ತಿಗೆ ಜಾಗ ಕಣ್ರೀ!" ಎಂದು ನಾದಿನಿ ಕೂಗಿದಳು. "ಗಂಡ ಹೆಂಡತಿಗೆ ಅಂತ ಜೋಡಿಯಾಗಿ ತಗೊಂಡಿದ್ದು!"

ಹೆಂಡತಿ ಕಾಗದವನ್ನು ಆಚೆ ತಳ್ಳಿದಳು. "ನನಗೆ ಒಂದೇ ಒಂದು ಸಾಲು ಕಾಗದ ಬರೆದೋರಲ್ಲ ಇವರು. ಹಗಲೆಲ್ಲ ಅವಳಿಗೆ ಬಿಟ್ಟುಕೊಟ್ಟೆ. ಈಗ ಮಣ್ಣನ್ನೂ ಬಿಟ್ಟುಕೊಡ್ಬೇಕಾ?"

"ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ... ಬಲವಂತ ಏನಿಲ್ಲ. ಸಹಿ ಬೇಡ ಅಂದ್ರೆ ಅವಳು ಅಲ್ಲೇ ಇರ್ತಾಳೆ, ಅಷ್ಟೇ."

"ಮೊದಲು ಅವಳನ್ನ ನೋಡ್ಬೇಕು. ಈಗ್ಲೇ."

ಕೈಗೆ ಹತ್ತಿದ್ದ ಮಣ್ಣನ್ನೂ ತೊಳೆಯದೆ ಆಕೆ ಕಾರು ಹತ್ತಿದಳು.

ಹೊಸ ಕಾವಲುಗಾರ ಮೂಲೆಯಲ್ಲಿ ಫೋನ್ ನೋಡುತ್ತಿದ್ದ. ಪೆಟ್ಟಿಗೆಯ ಮೇಲೆ ಯಾರದೋ ಬ್ಯಾಗಿತ್ತು. ಒಬ್ಬಾತ ಗಾಜಿಗೆ ಕೆನ್ನೆಯೊತ್ತಿ, ಒಳಗಿನ ತಲೆಬುರುಡೆಯಂತೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದ.

ಹೆಂಡತಿ ಮೊದಲ ಸಲ ಹತ್ತಿರದಿಂದ ನೋಡಿದಳು. ಮೊಣಕಾಲು ಎದೆಗೆ ಮಡಚಿ, ಕೆನ್ನೆಯ ಕೆಳಗೆ ಅಂಗೈಯಿಟ್ಟು ಮಲಗಿದ್ದಳು ಗಾಜಿನವಳು. ವಯಸ್ಸು ಸುಮಾರು ಇಪ್ಪತ್ತು ಎಂದು ಫಲಕದಲ್ಲಿತ್ತು. ಈಕೆಗೆ ಅರವತ್ತಾದರೂ ಅವಳಿಗೆ ಇನ್ನೂ ಇಪ್ಪತ್ತೇ. ಅದಕ್ಕೂ ಮೈ ಉರಿಯಿತು.

"ಏಳಯ್ಯಾ ಮೇಲೆ!" ಹೆಂಡತಿಯ ದನಿಗೆ ಕೋಣೆಯೇ ತಿರುಗಿ ನೋಡಿತು. "ಹೆಣ್ಣುಮಗಳು ಮಲಗಿರೋ ಕಡೆ ಇದೇನು ಮಂಗಾಟ? ಯಾರದ್ರೀ ಈ ಬ್ಯಾಗು?"

ಆತ ಎದ್ದ. ಬ್ಯಾಗು ಮಾಯವಾಯಿತು.

"ಕೊಡಿ ಆ ಕಾಗದ," ಎಂದಳು ಮುಖ್ಯಸ್ಥೆಗೆ. "ಆದ್ರೆ ಅವರ ಪಕ್ಕ ಮಲಗೋಕೆ ಬಿಡಲ್ಲ. ನನ್ನ ಜಾಗದ ಆ ಕಡೆ, ಬೇಲಿ ಹತ್ರ, ಇನ್ನೊಂದು ಖಾಲಿ ಇದೆ. ಅದನ್ನ ನೀವು ತಗೊಳ್ಳಿ."

"ಹಾಗಂತ ಬರೆದುಕೊಡಿ. ಸಮಿತಿಯವರಿಗೆ ಗೊಂದಲ ಆಗಬಾರದು."

ಬರೆಯಲು ಮೇಜಿರಲಿಲ್ಲ. ಆಕೆ ಕಾಗದವನ್ನು ಗಾಜಿನ ಮೇಲೇ ಹರಡಿ ಸಹಿ ಹಾಕಿದಳು. ಸಹಿಯ ಕೆಳಗೆ ಒಂದರ ಪಕ್ಕ ಒಂದರಂತೆ ಮೂರು ಉದ್ದನೆಯ ಚೌಕ ಎಳೆದಳು. ಒಂದು ತುದಿಯದರಲ್ಲಿ 'ಅವರು' ಎಂದು ಬರೆದಳು, ಇನ್ನೊಂದು ತುದಿಯದರಲ್ಲಿ 'ಅವಳು'. ನಡುವಿನದರಲ್ಲಿ 'ನಾನು' ಎಂದು ಬರೆದು, ಅದರ ಗೆರೆಗಳ ಮೇಲೆ ಮತ್ತೆ ಮತ್ತೆ, ಕಾಗದ ಹರಿಯುವಷ್ಟು ಒತ್ತಿ ಪೆನ್ನು ಎಳೆದಳು.