ಒಂದು ಲೇಡೀಸ್ ಸೈಕಲ್

ಬನ್ನೇರುಘಟ್ಟದ ಕಾಡಂಚಿನ ರಸ್ತೆಯಲ್ಲಿ ಒಂದು ದಿನ ಬ್ಯಾಟರಿ ಸೈಕಲ್ ಹೊಡೆಯಬೇಕೆಂದು ಬೊಮ್ಮಸಂದ್ರದ ಗೇರ್ ಫ್ಯಾಕ್ಟರಿಯ ಫಸ್ಟ್ ಶಿಫ್ಟಿನವರು ಪ್ಲಾನು ಹಾಕತೊಡಗಿ ಎರಡು ಮಳೆಗಾಲ ಕಳೆದಿತ್ತು. ಕಾಡೇನೂ ದೂರವಿರಲಿಲ್ಲ. ಹತ್ತು ಜನಕ್ಕೂ ಒಂದೇ ದಿನ ರಜೆ ಬರುವುದು ಮಾತ್ರ ಗ್ರಹಣಕ್ಕಿಂತ ಅಪರೂಪ.

ಪ್ಲಾನು ಇರಣ್ಣನದು. ಬಾದಾಮಿ ಕಡೆಯ ಆರಡಿ ಆಳು, ಚಂದಾಪುರದಲ್ಲಿ ಹೆಂಡತಿಯೊಡನೆ ಒಂದು ರೂಮಿನ ಸಂಸಾರ. ವಾಟ್ಸಾಪಿನಲ್ಲಿ ಗ್ರೂಪು ಮಾಡಿದವನೂ ಅವನೇ, ಬಾಡಿಗೆಯವನಿಗೆ ಸೈಕಲ್ ಹೇಳಿಟ್ಟವನೂ ಅವನೇ. ಹೇಳಿಟ್ಟವುಗಳಲ್ಲಿ ಒಂದು ಲೇಡೀಸ್ ಸೈಕಲ್ ಇದ್ದದ್ದು ಇಡೀ ಶಿಫ್ಟಿನ ಬಾಯಿಗೆ ತಿಂಗಳುಗಟ್ಟಲೆ ಮೇವಾಯಿತು.

“ಏನ್ಲಾ ಇರಣ್ಣ, ಅವತ್ತು ಸೀರೆ ಉಟ್ಕಂಡ್ ಬತ್ತೀಯಾ?” ಎಂದು ಎದುರಿಗೂ ಗ್ರೂಪಿನಲ್ಲೂ ಕೇಳುತ್ತಿದ್ದವನು ಎಲ್ಲರಿಗಿಂತ ಹಿರಿಯನಾದ, ಆನೇಕಲ್ ಕಡೆಯ ಚಿಕ್ಕಬೈರಪ್ಪ.

“ಮೊಣಕಾಲ್ ನೋವು ಐತಿ ಮಾರಾಯಾ, ಕಾಲ್ ಎತ್ತಾಕ ಆಗಂಗಿಲ್ಲ,” ಎಂದು ಇರಣ್ಣ ನಕ್ಕುಬಿಡುತ್ತಿದ್ದ.

ಸಂಕ್ರಾಂತಿ ಮುಗಿದ ವಾರ ಕ್ಯಾಂಟೀನಿನಲ್ಲಿ ಎದೆ ಹಿಡಿದು ಕೂತ ಇರಣ್ಣ ಮತ್ತೆ ಏಳಲಿಲ್ಲ. ಊರಿಗೆ ಹೊರಟ ಆಂಬುಲೆನ್ಸಿಗೆ ಶಿಫ್ಟಿನವರೇ ಹೆಗಲು ಕೊಟ್ಟು ಹತ್ತಿಸಿದರು. ಗ್ರೂಪಿನಲ್ಲಿ ಎರಡು ದಿನ ಕೈಮುಗಿದ ಚಿತ್ರಗಳು ಬಿದ್ದು, ಆಮೇಲೆ ಎಲ್ಲ ತಣ್ಣಗಾಯಿತು.

ಯುಗಾದಿ ಕಳೆದ ಮೇಲೆ, ಯಂತ್ರಗಳ ರಿಪೇರಿಗೆಂದು ಫ್ಯಾಕ್ಟರಿ ಒಂದು ಭಾನುವಾರ ಪೂರ್ತಿ ಮುಚ್ಚುವುದೆಂದಾಯಿತು. ಇರಣ್ಣನಿದ್ದಾಗ ಬಾರದ ಗ್ರಹಣ ಈಗ ಬಂತು. ‘ಈ ಸಲ ಹೋಗೇಬಿಡೋಣ’ ಎಂದು ಶಿಫ್ಟಿನ ಮೇಲ್ವಿಚಾರಕ ಶಶಿಕುಮಾರ್ ಗ್ರೂಪಿಗೆ ಹಾಕಿದ. ತಟ್ಟೆ ಇಡ್ಲಿಯೋ ದೊನ್ನೆ ಬಿರಿಯಾನಿಯೋ ಎಂದು ಜಗಳ ಹತ್ತಿಕೊಂಡಿತು. ಶಿಫ್ಟಿಗೆಲ್ಲ ಕಿರಿಯವನಾದ ಹರ್ಷವರ್ಧನ್ ಬರೆದ: ‘ಸಾರ್, ಆ ಲೇಡೀಸ್ ಸೈಕಲ್ ಕ್ಯಾನ್ಸಲ್ ಮಾಡ್ಬಿಡಿ, ಯಾರಿಗ್ ಬೇಕು?’

‘ಇರ್ಲಿ ಬಿಡ್ರೋ, ಕುಳ್ಳ ಹರ್ಷಂಗೇ ಆಯ್ತದೆ,’ ಎಂದ ಚಿಕ್ಕಬೈರಪ್ಪ. ನಗುವ ಮುಖಗಳು ಸಾಲಾಗಿ ಬಿದ್ದವು. ಅವುಗಳ ಕೆಳಗೆ ಇರಣ್ಣನ ಹೆಸರಿನಲ್ಲಿ ಒಂದು ಮೆಸೇಜು ಬಂತು.

‘ನಾ ಶಿವಗಂಗಾರೀ. ನನ್ನ ಫೋನ್ ಕೆಟ್ಟೈತಿ, ಅವರದ ಇಟ್ಕೊಂಡೀನಿ. ಆ ಸೈಕಲ್ ನನಗಂತ ಹೇಳಿಟ್ಟಿದ್ರು.’

ಸತ್ತವನ ನಂಬರನ್ನು ಗ್ರೂಪಿನಿಂದ ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಬಂದಿದ್ದರೂ ತೆಗೆಯುವ ಅಧಿಕಾರವಿದ್ದ ಅಡ್ಮಿನ್ ಇರಣ್ಣನೊಬ್ಬನೇ. ಅಂದರೆ ಸೀರೆಯಿಂದ ಹಿಡಿದು ಕುಳ್ಳನವರೆಗಿನ ತಮಾಷೆಯನ್ನೆಲ್ಲ, ಊರಿಂದ ಚಂದಾಪುರದ ರೂಮಿಗೆ ಮರಳಿದ್ದ ಅವನ ಹೆಂಡತಿ ಓದಿದ್ದಾಳೆ. ಶಶಿಕುಮಾರ್ ಕುಡಿಯುತ್ತಿದ್ದ ಟೀ ಕೆಳಗಿಟ್ಟು ಫೋನು ಮಾಡಿದ.

“ನಮಗ್ ಗೊತ್ತಿರ್ಲಿಲ್ಲ ಕಣಮ್ಮ. ಅವನು ಬಾಯೇ ಬಿಡ್ಲಿಲ್ಲ.”

“ಹೆಂಡ್ತೀನ ಕರ್ಕೊಂಡು ಬರ್ತಾನಂದ್ರ ನೀವೆಲ್ಲಾ ನಗ್ತೀರಂತ ಹೇಳಿರ್ಲಿಲ್ರೀ. ಅಲ್ಲಿಗೆ ಹೋದಮ್ಯಾಲ ಹೇಳ್ತೀನಿ ಅಂತಿದ್ರು.”

ನಗುತ್ತಿದ್ದರು ನಿಜ. ಶಶಿಕುಮಾರನೇ ಮೊದಲು ನಗುತ್ತಿದ್ದ.

“ಈಗ್ಲೂ ಬಾಮ್ಮ. ನಮ್ಮನೆಯವಳು ಶ್ಯಾಮಲಾನೂ ಕರ್ಕೊಂಡ್ ಬರ್ತೀನಿ. ಸೈಕಲ್ ಹಂಗೇ ಇದೆ.”

ಆ ಕಡೆ ಅವಳು ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

“ನನಗ ಹೊಡಿಯಾಕ ಬರಂಗಿಲ್ರೀ ಅಣ್ಣಾರ. ಮನಿ ಓನರ್ ಮಗಳ ಸೈಕಲ್ ಇಸ್ಕೊಂಡು ನಸುಕಿನ್ಯಾಗ ಕಲಿಸ್ತಿದ್ರು. ಹಿಂದ ಸೀಟ್ ಹಿಡ್ಕೊಂಡು ಓಡ್ತಿದ್ರು. ಬಿಟ್ರ ಬೀಳ್ತಿದ್ನಿ. ಕಾಡಿನ ರಸ್ತ್ಯಾಗ ಲಾರಿ ಕಾಟ ಇರಂಗಿಲ್ಲ, ಬ್ಯಾಟರಿನೂ ಇರ್ತೈತಿ, ಅಲ್ಲಿ ಬಿಡ್ತೀನಿ ನೋಡು, ನೀ ಒಬ್ಬಾಕೀನ ಹೋಗ್ತಿ ಅಂದಿದ್ರು.”

‘ನಾನು ಹಿಡ್ಕೋತೀನಿ ಬಾ’ ಎನ್ನಬೇಕೆಂದುಕೊಂಡ ಶಶಿಕುಮಾರ್. ಗಂಡ ಸತ್ತು ವರ್ಷ ತುಂಬದ ಹೆಣ್ಣುಮಗಳ ಸೈಕಲ್ಲಿನ ಹಿಂದೆ ಪರಗಂಡಸು ಓಡಿದರೆ ಚಂದಾಪುರಕ್ಕೆ ಅದು ಎಷ್ಟು ದಿನದ ಮೇವು ಎಂಬುದೂ ನೆನಪಾಯಿತು. ಮೇವಿನ ವಿಷಯದಲ್ಲಿ ಅವನಿಗೆ ಅನುಭವವಿತ್ತು.

“ಕ್ಯಾನ್ಸಲ್ ಮಾಡ್ಸ್ರಿ,” ಎಂದಳು ಅವಳೇ. “ಗ್ರೂಪಿನ್ಯಾಗ ಮಾತ್ರ ಇರ್ತೀನಿ. ಫೋಟೋ ಹಾಕ್ರಿ. ನಿಮ್ಮವು ಬ್ಯಾಡ, ರಸ್ತೇದು.”

ಭಾನುವಾರ ಒಂಬತ್ತು ಜನ ಹೋದರು. ದಾರಿಯುದ್ದಕ್ಕೂ ಚಿಕ್ಕಬೈರಪ್ಪ ಒಂದೂ ತಮಾಷೆ ಮಾಡಲಿಲ್ಲ. ಬಿದಿರು ಮೆಳೆಗಳ ನಡುವೆ ರಸ್ತೆ ಕೆಳಗಿಳಿಯುವ ಕಡೆ ಶಶಿಕುಮಾರ್ ಎಲ್ಲರನ್ನೂ ನಿಲ್ಲಿಸಿದ. ಕನ್ನಡಕ, ಟೋಪಿ ಸರಿಮಾಡಿಕೊಂಡು ಸೆಲ್ಫಿಗೆ ಸಿದ್ಧರಾದವರನ್ನು ಸೈಕಲ್ಲುಗಳ ಸಮೇತ ಪಕ್ಕಕ್ಕೆ ಸರಿಸಿ, ಬರೀ ರಸ್ತೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಯಾರೂ ಹೊರಡಲಿಲ್ಲ.

ಉತ್ತರ ಬಂತು: ‘ಇಳಿಜಾರು ಭಾಳ ಐತ್ರಿ. ಬೀಳ್ತಿದ್ನಿ.’

ಚಿಕ್ಕಬೈರಪ್ಪ ಫೋನು ಇಸಿದುಕೊಂಡು ಎರಡು ಸಲ ಓದಿದ. ವಾಪಸು ಕೊಟ್ಟು, ಬ್ಯಾಟರಿ ಆರಿಸಿ, ಸೈಕಲ್ ಹತ್ತದೆ, ಒಂದು ಕೈಯಲ್ಲಿ ಸೀಟು ಹಿಡಿದು ತಳ್ಳಿಕೊಂಡೇ ಆ ಇಳಿಜಾರು ಇಳಿಯತೊಡಗಿದ. ಮಿಕ್ಕವರೂ ಅವನ ಹಿಂದೆ ನಡೆದರು.